ಸಮುದ್ರದ ಊರಿಗೆ ಹೊರಟಿದ್ದೀರಾ? ಗೈಡ್ ಪುಸ್ತಕ ಹೀಗೆ ಆರಿಸಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಕಲಬುರಗಿಯಲ್ಲಿ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಅಂಡಮಾನಿಗೆ ಹೊಂಟೀವ್ರಿ, ಯಾವ ಪುಸ್ತಕ ತಗೋಬೇಕು?" "ಬಾಲಿಗೆ ಟಿಕೆಟ್ ಮಾಡ್ಸೀವಿ, ಒಂದ್ ಚಲೋ ಗೈಡ್ ಹೇಳ್ರಿ." ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಹೋದ ವರ್ಷ ನಿಮ್ಮ ಪಕ್ಕದ ಮನೆಯವರಿಗೆ ಸರಿಹೋದ ಪುಸ್ತಕ ನಿಮಗೂ ಸರಿಹೋಗುತ್ತದೆ ಅಂತೇನಿಲ್ಲ. ಅದಕ್ಕೇ ಈ ಸಲ ಹೆಸರು ಬಿಟ್ಟು, ಆರಿಸುವ ರೀತಿಯನ್ನೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕರ್ಕಾಟಕ ವೃತ್ತ ಮತ್ತು ಮಕರ ವೃತ್ತದ ನಡುವಿನ ಪಟ್ಟಿಗೆ ಉಷ್ಣವಲಯ ಅನ್ನುತ್ತಾರೆ. ಸಮಭಾಜಕದಿಂದ ಆ ಕಡೆ ಈ ಕಡೆ ಇಪ್ಪತ್ತಮೂರೂವರೆ ಡಿಗ್ರಿ. ಕಲಬುರಗಿ ಇರುವುದು 17 ಡಿಗ್ರಿಯ ಆಸುಪಾಸು. ಅಂದರೆ ನಾವು ಹುಟ್ಟಿದಾಗಿನಿಂದ ಉಷ್ಣವಲಯದಲ್ಲೇ ಇದ್ದೇವೆ! ಆದರೆ ಇಂಥ ಊರುಗಳ ಗೈಡ್ ಪುಸ್ತಕ ಬರೆಯುವವರ ಕಣ್ಣ ಮುಂದೆ ಇರುವ ಓದುಗ ಚಳಿ ದೇಶದವನು. ಅವನಿಗೆ 32 ಡಿಗ್ರಿ ಎಂದರೆ ಗಾಬರಿ. ಟೋಪಿ ಹಾಕಿಕೋ, ನೀರು ಕುಡಿ ಅಂತ ನಾಲ್ಕು ಪುಟ ಹೇಳಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ನೋಡಿದ ನಮಗೆ ಆ ಪುಟಗಳು ಬೇಡ. ನಮಗೆ ಗೊತ್ತಿಲ್ಲದ್ದು ಸಮುದ್ರ, ದೋಣಿ, ಮೀನಿನ ಪುಡಿ ಬೆರೆಸಿದ ಚಟ್ನಿ. ಪುಸ್ತಕ ಆರಿಸುವಾಗ ಇದು ತಲೆಯಲ್ಲಿರಲಿ.

ಫೋನ್ ಇರುವಾಗ ಪುಸ್ತಕ ಯಾಕೆ ಅಂತಲೂ ಕೇಳುತ್ತಾರೆ. ಬಾಲಿಯಲ್ಲಿ ವರ್ಷಕ್ಕೊಂದು ದಿನ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಅದು ಯಾವ ದಿನ ಅಂತ ಫೋನಿಗೆ ಕೇಳಬೇಕು ಅನ್ನುವುದು ನಿಮಗೆ ಹೊಳೆಯುತ್ತಿತ್ತಾ? ಒಳ್ಳೆಯ ಪುಸ್ತಕ ಕೇಳದೇ ಹೇಳುತ್ತದೆ.

ಹಂತ 1: ಮನೆಯವರ ಪ್ರಶ್ನೆಗಳನ್ನು ಬರೆದುಕೊಳ್ಳಿ

ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಒಂದು ಹಾಳೆ ಪೆನ್ನು ತಗೊಳ್ಳಿ. ಹೊರಟವರು ಯಾರ್ಯಾರು, ಯಾರಿಗೆ ಏನು ಬೇಕು, ಯಾರಿಗೆ ಏನು ಆಗಲ್ಲ, ಎಲ್ಲ ಬರೆಯಿರಿ. ಅವ್ವನಿಗೆ ಮೊಣಕಾಲು ನೋವು, ದೋಣಿಯಿಂದ ಇಳಿಯುವಾಗ ಕಟ್ಟೆ ಇರುತ್ತಾ ಅಥವಾ ಮೊಣಕಾಲುದ್ದ ನೀರಿಗೇ ಇಳಿಯಬೇಕಾ? ಅಪ್ಪ ಶುದ್ಧ ಸಸ್ಯಾಹಾರಿ. ಮಗಳಿಗೆ ಹವಳದ ಮೀನು ನೋಡಬೇಕು, ಆದರೆ ಈಜು ಬರಲ್ಲ. ಒಟ್ಟು ಖರ್ಚು ಎಷ್ಟು ದಾಟಬಾರದು?

ಆರೇಳು ಪ್ರಶ್ನೆ ಸಾಕು. ಇದೇ ನಿಮ್ಮ ತಕ್ಕಡಿ. ಯಾವುದೇ ಪುಸ್ತಕ ಕೈಗೆ ಬಂದರೂ ಹಿಂದಿನ ಪದಸೂಚಿ ತೆಗೆದು, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ ತೆಗೆದು, ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ಹತ್ತು ನಿಮಿಷದಲ್ಲಿ ಅರ್ಧದಷ್ಟೂ ಸಿಗದಿದ್ದರೆ ಆ ಪುಸ್ತಕ ಬೇರೆ ಯಾರಿಗೋ ಬರೆದದ್ದು.

ಸರಣಿಗಳಿಗೂ ಒಂದೊಂದು ಸ್ವಭಾವ ಇದೆ. 1973ರಲ್ಲಿ ಶುರುವಾದ ಲೋನ್ಲಿ ಪ್ಲಾನೆಟ್, 1982ರಲ್ಲಿ ಬಂದ ರಫ್ ಗೈಡ್ಸ್, ಎರಡೂ ಬೆನ್ನಿಗೆ ಚೀಲ ಹಾಕಿಕೊಂಡು ಕಡಿಮೆ ದುಡ್ಡಲ್ಲಿ ಸುತ್ತುವ ಹುಡುಗರಿಗಾಗಿ ಬೆಳೆದವು. ಬಸ್ಸು, ದೋಣಿ, ಅಗ್ಗದ ರೂಮಿನ ವಿವರ ಅವುಗಳಲ್ಲಿ ಜಾಸ್ತಿ. ಡಿಕೆ ಐವಿಟ್ನೆಸ್ ಪುಸ್ತಕಗಳಲ್ಲಿ ಚಿತ್ರ ಜಾಸ್ತಿ. ಒಂದು ದೇವಸ್ಥಾನವನ್ನು ಕೊಯ್ದು ಒಳಗಡೆ ತೋರಿಸಿದ ಹಾಗೆ ಬಿಡಿಸಿರುತ್ತಾರೆ. ಮಕ್ಕಳಿದ್ದರೆ ಅದು ಚೆಂದ, ಹೊರಡುವ ಮೊದಲೇ ಅವರು ಓದಿ ಮುಗಿಸುತ್ತಾರೆ. ಆದರೆ ಬಸ್ಸು ಎಲ್ಲಿ ಹತ್ತಬೇಕು ಅನ್ನುವುದಕ್ಕೆ ಚಿತ್ರ ಉಪಯೋಗಕ್ಕೆ ಬರಲ್ಲ.

ಹಂತ 2: ನಿಮ್ಮ ರಜೆಯ ತಿಂಗಳು ಹಿಡಿದು ಮಳೆ ನೋಡಿ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ನಮ್ಮ ರಜೆ ಬರುವುದು ಏಪ್ರಿಲ್-ಮೇ, ದಸರಾ, ಇಲ್ಲ ಡಿಸೆಂಬರ್ ಕೊನೆ. "ಹೋಗಲು ಒಳ್ಳೆಯ ಕಾಲ: ಚಳಿಗಾಲ" ಅಂತ ಇಡೀ ದೇಶಕ್ಕೆ ಒಂದೇ ಸಾಲು ಬರೆದು ಮುಗಿಸಿದ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ತಿಂಗಳು ತಿಂಗಳಿಗೆ, ಕರಾವಳಿ ಕರಾವಳಿಗೆ ಬೇರೆ ಬೇರೆ ಮಳೆ ಲೆಕ್ಕ ಕೊಟ್ಟಿರಬೇಕು.

ಯಾಕೆ ಅಂತ ನೋಡಿ. ಕೇರಳಕ್ಕೆ ಮುಂಗಾರು ಬರುವುದು ಜೂನ್ 1ರ ಸುಮಾರಿಗೆ. ಅಂಡಮಾನಿಗೆ ಅದಕ್ಕೂ ಮೊದಲು, ಮೇ ಮೂರನೇ ವಾರದ ಹೊತ್ತಿಗೇ ಬಂದುಬಿಡುತ್ತದೆ. ಶಾಲೆ ರಜೆ ಇನ್ನೂ ಮುಗಿದಿರಲ್ಲ, ಅಲ್ಲಿ ಸಮುದ್ರ ಒರಟಾಗಿ ದೋಣಿ ರದ್ದಾಗಲು ಶುರು. ಏಪ್ರಿಲಿನಲ್ಲಿ ಹೋದವರು ಗೆದ್ದರು.

ಶ್ರೀಲಂಕಾದ್ದು ಇನ್ನೊಂದು ಕಥೆ. ಗಾಲೆ ಇರುವ ದಕ್ಷಿಣ-ಪಶ್ಚಿಮ ಕರಾವಳಿಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಟ್ರಿಂಕೋಮಲಿ ಇರುವ ಪೂರ್ವ ಕರಾವಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್. ನಮ್ಮಲ್ಲಿ ಮುಂಗಾರು, ಹಿಂಗಾರು ಇದ್ದ ಹಾಗೆ ಆ ಪುಟ್ಟ ದ್ವೀಪಕ್ಕೂ ಎರಡು ಮಳೆಗಾಲ, ಒಂದೊಂದು ಕಡೆಗೆ ಒಂದೊಂದು. ಥಾಯ್ಲೆಂಡಿನಲ್ಲೂ ಹಾಗೇ. ಫುಕೆಟ್ ಕಡೆ ಮೇ ತಿಂಗಳಿಂದ ಅಕ್ಟೋಬರ್ ಮಳೆ. ಆ ಕಡೆಯ ಕೊಹ್ ಸಮುಯಿ ದ್ವೀಪದಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್. ದಸರಾ ರಜೆಗೆ ಥಾಯ್ಲೆಂಡ್ ಅಂದುಕೊಂಡವರು ಇದನ್ನು ಎರಡು ಸಲ ಓದಿ.

ಬಾಲಿ ಸಮಭಾಜಕದ ಕೆಳಗಿದೆ, ಎಲ್ಲ ಉಲ್ಟಾ. ಏಪ್ರಿಲಿನಿಂದ ಅಕ್ಟೋಬರ್ ಒಣಹವೆ, ಕ್ರಿಸ್‌ಮಸ್ ರಜೆಗೆ ಮಳೆ. ಹಾಗಾಗಿ ಮೇ ತಿಂಗಳ ರಜೆಗೆ ಬಾಲಿ ಚಲೋ ಆಯ್ಕೆ.

ಮಳೆಯ ಜೊತೆಗೆ ಹಬ್ಬದ ಪಟ್ಟಿಯನ್ನೂ ನೋಡಿ. ಮೇಲೆ ಹೇಳಿದ ಬಾಲಿಯ ಮುಚ್ಚಿದ ದಿನ ನ್ಯೆಪಿ, ಮೌನದ ದಿನ. ಅದು ಅವರ ಶಕ ವರ್ಷದ ಹೊಸ ವರ್ಷ. ನಮ್ಮ ಪಂಚಾಂಗದಲ್ಲಿರುವ ಶಾಲಿವಾಹನ ಶಕೆಯೂ ಅದೇ ಶಕೆ. ಹೀಗಾಗಿ ಅದು ಎಷ್ಟೋ ಸಲ ಯುಗಾದಿಯ ಆಸುಪಾಸಿನಲ್ಲೇ ಬೀಳುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದವು. 2025ರಲ್ಲಿ ನ್ಯೆಪಿ ಮಾರ್ಚ್ 29, ಯುಗಾದಿ ಮರುದಿನ. ಅವತ್ತು 24 ಗಂಟೆ ವಿಮಾನ ಇಳಿಯಲ್ಲ, ಅಂಗಡಿ ತೆಗೆಯಲ್ಲ, ಪ್ರವಾಸಿಗರೂ ಹೋಟೆಲ್ ಆವರಣ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಯುಗಾದಿ ರಜೆ ನೋಡಿ ಟಿಕೆಟ್ ಮಾಡಿಸುವ ನಮ್ಮಂಥವರಿಗೆ ಇದು ತೀರಾ ಬೇಕಾದ ಮಾಹಿತಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ, ಅದಕ್ಕೆ ಪೋಯ ಅನ್ನುತ್ತಾರೆ. ಬ್ಯಾಂಕು, ಕಚೇರಿ ಬಂದ್.

ಹಂತ 3: ಇಸವಿ ನೋಡಿ, ಹೆಸರುಗಳನ್ನೂ ನೋಡಿ

ಹೊಳೆಯುವ ರಕ್ಷಾಪುಟ ನೋಡಿ ಮೋಸ ಹೋಗಬೇಡಿ. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಕಾಪಿರೈಟ್ ವಿವರ ಇರುತ್ತದೆ. ಅಲ್ಲಿ ಎರಡು ಪದ ಬೇರೆ ಬೇರೆ ಎಂದು ತಿಳಿಯಬೇಕು. ಆವೃತ್ತಿ ಎಂದರೆ ಯಾರೋ ಮತ್ತೆ ಹೋಗಿ ನೋಡಿ ತಿದ್ದಿ ಬರೆದದ್ದು. ಮರುಮುದ್ರಣ ಎಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. 2024ರ ಮರುಮುದ್ರಣ, ಆದರೆ 2017ರ ಆವೃತ್ತಿ ಆಗಿದ್ದರೆ ನಿಮ್ಮ ಲೆಕ್ಕಕ್ಕೆ ಅದು 2017ರ ಪುಸ್ತಕ. ಅದರಲ್ಲೂ ಬರೆದವರು ಊರು ಸುತ್ತಿದ್ದು ಅದಕ್ಕೂ ಮುಂಚೆ.

ಕೆಲವು ಹಳೆಯ ಪ್ರತಿಗಳಲ್ಲಿ ಆ ಪುಟವೇ ಹರಿದುಹೋಗಿರುತ್ತದೆ. ಆಗ ಹೆಸರುಗಳು ಸಾಕ್ಷಿ ಹೇಳುತ್ತವೆ. ಅಂಡಮಾನಿನ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳು 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆದವು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಆಯಿತು. ಹೊಸ ಹೆಸರುಗಳ ಸುಳಿವೇ ಇಲ್ಲದಿದ್ದರೆ ಪುಸ್ತಕದ ವಯಸ್ಸು ಗೊತ್ತಾಯಿತಲ್ಲ. "ದ್ವೀಪಗಳಲ್ಲಿ ಇಂಟರ್ನೆಟ್ ಇಲ್ಲವೇ ಇಲ್ಲ ಅನ್ನಿ" ಅಂತ ಬರೆದಿದ್ದರೂ ಹಳೆಯದೇ. ಚೆನ್ನೈನಿಂದ ಸಮುದ್ರದ ಅಡಿಯ ಕೇಬಲ್ 2020ರ ಆಗಸ್ಟಿನಲ್ಲಿ ಅಲ್ಲಿಗೆ ಬಂತು.

ಹಳೆಯದು ಅಂದ ಕೂಡಲೇ ರದ್ದಿಗೆ ಹಾಕಬೇಕಿಲ್ಲ. ಇತಿಹಾಸ, ದೇವಸ್ಥಾನ, ಊಟದ ಹೆಸರು, ನಡೆದಾಡುವ ದಾರಿ ಇವು ಬೇಗ ಬದಲಾಗಲ್ಲ. ಹೋಟೆಲ್ ಮತ್ತು ಬೆಲೆ ಬದಲಾಗುತ್ತವೆ. ಕೊರೊನಾ ಕಾಲದಲ್ಲಿ ಎಷ್ಟೋ ಸಣ್ಣ ಲಾಡ್ಜು ಮುಚ್ಚಿದವು. ಶ್ರೀಲಂಕಾದಲ್ಲಿ 2022ರ ಆರ್ಥಿಕ ಕುಸಿತಕ್ಕೆ ಮೊದಲು ಒಂದು ಡಾಲರಿಗೆ ಸುಮಾರು 200 ರೂಪಾಯಿ ಇದ್ದದ್ದು ಕೆಲವೇ ತಿಂಗಳಲ್ಲಿ 360ರ ಹತ್ತಿರ ಹೋಯಿತು. ಅದಕ್ಕಿಂತ ಹಿಂದಿನ ಪುಸ್ತಕದ ಬೆಲೆಪಟ್ಟಿ ಹಿಡಿದು ಆಟೋದವನ ಜೊತೆ ಜಗಳಕ್ಕೆ ನಿಂತರೆ ನಿಮ್ಮದೇ ತಪ್ಪು.

ಹಂತ 4: ನಮ್ಮೂರ ಮೇಲೆ ಪರೀಕ್ಷೆ ಮಾಡಿ

ಇದು ನನ್ನ ಅಚ್ಚುಮೆಚ್ಚಿನ ಉಪಾಯ, ಖರ್ಚೂ ಇಲ್ಲ. ನೀವು ನೋಡದ ಊರಿನ ಬಗ್ಗೆ ಪುಸ್ತಕ ನಿಜ ಹೇಳುತ್ತದೋ ಇಲ್ಲವೋ ಹೇಗೆ ತಿಳಿಯುವುದು? ಅದೇ ಸರಣಿಯ ಭಾರತದ ಅಥವಾ ದಕ್ಷಿಣ ಭಾರತದ ಪುಸ್ತಕ ತೆಗೆದು ನಮ್ಮ ಕಡೆಯ ಪುಟ ಓದಿ.

ಕಲಬುರಗಿ ಕೋಟೆಯ ಒಳಗಿನ ಜಾಮಿ ಮಸೀದಿಯನ್ನೇ ತಗೊಳ್ಳಿ. 1367ರದ್ದು. ಸಾಮಾನ್ಯವಾಗಿ ಇಂಥ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಇಲ್ಲ, ಪೂರ್ತಿ ಚಾವಣಿ. ಒಳಗೆ ಹೋಗಿ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಹೊರಗೆ ಬಿಸಿಲು ಸುಡುತ್ತಿದ್ದರೂ ಕಾಲಡಿ ತಂಪು. ಈ ಅಂಗಳದ ಮಾತು ಪುಸ್ತಕದಲ್ಲಿದ್ದರೆ ಬರೆದವರಿಗೆ ನೋಡುವ ಕಣ್ಣಿದೆ. "ಕೋಟೆ, ಮಸೀದಿ, ದರ್ಗಾ ನೋಡತಕ್ಕವು" ಅಂತ ಒಂದು ಸಾಲು ಒಗೆದಿದ್ದರೆ ಬೇರೆ ಪುಸ್ತಕ ನೋಡಿಕೊಂಡು ಬರೆದದ್ದಿರಬಹುದು. ಬೀದರಿನ ಪುಟ ಇದ್ದರೆ ಬಿದರಿ ಕೆಲಸಕ್ಕೆ ಕೋಟೆಯ ಮಣ್ಣು ಬಳಸುತ್ತಾರೆ ಅನ್ನುವುದು ಇದೆಯಾ ನೋಡಿ. ಊರಿನ ಹೆಸರು 2014ರಲ್ಲೇ ಬದಲಾದರೂ ಇನ್ನೂ ಗುಲ್ಬರ್ಗ ಅಂತಲೇ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಊರು ಪುಸ್ತಕದಲ್ಲೇ ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಎಷ್ಟೋ ಪುಸ್ತಕಗಳಲ್ಲಿ ಇರಲ್ಲ. ಹಂಪಿ, ವಿಜಯಪುರ ಇದ್ದೇ ಇರುತ್ತವೆ. ನೀವು ಚೆನ್ನಾಗಿ ಬಲ್ಲ ಒಂದು ಜಾಗ ಸಾಕು.

ಹಂತ 5: ಊಟದ ಪುಟ ಪೂರ್ತಿ ಓದಿ

"ಸಸ್ಯಾಹಾರ ಸುಲಭವಾಗಿ ಸಿಗುತ್ತದೆ" ಎಂಬ ವಾಕ್ಯವನ್ನು ನಂಬಬೇಡಿ. ಬರೆದವನ ಸಸ್ಯಾಹಾರ ಬೇರೆ, ನಮ್ಮ ಮನೆಯ ಸಸ್ಯಾಹಾರ ಬೇರೆ. ಹೆಸರು ಹಿಡಿದು ಎಚ್ಚರಿಸುವ ಪುಸ್ತಕ ಬೇಕು.

ಶ್ರೀಲಂಕಾದಲ್ಲಿ ಪೋಲ್ ಸಂಬೋಲ ಅಂತ ಕೊಡುತ್ತಾರೆ. ತುರಿದ ತೆಂಗಿನಕಾಯಿ, ಕೆಂಪು ಖಾರ, ನಿಂಬೆಹುಳಿ. ನೋಡಿದರೆ ಕಾಯಿ ಚಟ್ನಿಯೇ. ಆದರೆ ಅದರಲ್ಲಿ ಉಂಬಲಕಡ ಬೆರೆಸುವುದು ರೂಢಿ, ಅಂದರೆ ಒಣಗಿಸಿ ಕುಟ್ಟಿದ ಮೀನು. ಬಾಲಿಯ ಸಂಬಲ್ ಚಟ್ನಿಯಲ್ಲಿ ತೆರಾಸಿ, ಅದು ಸಿಗಡಿ ಹುದುಗಿಸಿ ಅರೆದ ಮುದ್ದೆ. ಥಾಯ್ಲೆಂಡಿನಲ್ಲಿ ಬರೀ ತರಕಾರಿ ಪಲ್ಯಕ್ಕೂ ನಾಮ್ ಪ್ಲಾ ಸುರಿಯುತ್ತಾರೆ, ಮೀನಿನ ರಸ. ಅಲ್ಲಿ "ಜೇ" ಅಂದರೆ ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ. ಈ ಒಂದು ಅಕ್ಷರ ಥಾಯ್ ಲಿಪಿಯಲ್ಲೂ ಅಚ್ಚಾಗಿರಬೇಕು. ನಾವು ಉಚ್ಚರಿಸುವುದು ಅವರಿಗೆ ಅರ್ಥವಾಗದಿದ್ದರೆ ಬೆರಳಿಟ್ಟು ತೋರಿಸಬಹುದು.

ನಮ್ಮ ಕಡೆಯವರು ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. "ಬಾಲಿ ಹಿಂದೂಗಳ ಊರು, ಊಟಕ್ಕೆ ಚಿಂತೆ ಇಲ್ಲ" ಅಂದುಕೊಂಡು ಹೋಗುತ್ತಾರೆ. ಅಲ್ಲಿನ ಹೆಸರಾಂತ ಅಡುಗೆಯೇ ಹಂದಿಮಾಂಸದ್ದು, ಹೆಸರು ಬಾಬಿ ಗುಲಿಂಗ್. ಹಲಾಲ್ ಊಟ ಬೇಕಾದವರೂ ಬಾಲಿಯ ಪುಸ್ತಕದಲ್ಲಿ ಇದನ್ನು ಗುರುತು ಹಾಕಿದ್ದಾರಾ ನೋಡಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಅಲ್ಲಿ ತೆಂಪೆ ಇದೆ, ಸೋಯಾ ಕಾಳು ಹುದುಗಿಸಿ ಮಾಡಿದ್ದು. ರುಚಿ ಹಿಡಿಸಲು ಎರಡು ದಿನ ಬೇಕು.

ಹಂತ 6: ಸಮುದ್ರದ ಎಚ್ಚರಿಕೆ ಇದೆಯಾ?

ನಮ್ಮಲ್ಲಿ ಈಜು ಕಲಿತವರು ಬಾವಿಯಲ್ಲಿ ಕಲಿತಿರುತ್ತಾರೆ, ಇಲ್ಲ ಭೀಮಾ ನದಿಯಲ್ಲಿ. ಸಮುದ್ರ ಬೇರೆ. ರಿಪ್ ಕರೆಂಟ್ ಅನ್ನುವ ಸೆಳೆತ ದಡದಿಂದ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಎದುರು ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು. ಈಜು ಬಾರದವರು ಕೆಂಪು ಬಾವುಟ ಇದ್ದ ಕಡೆ ಕಾಲೂ ಇಡಬಾರದು. ಇದನ್ನು ಚಿತ್ರ ಬರೆದು ವಿವರಿಸಿದ, ಯಾವ ದಂಡೆ ಅಪಾಯ ಅಂತ ಹೆಸರು ಹೇಳಿದ ಪುಸ್ತಕ ತಗೊಳ್ಳಿ. ಅಂಡಮಾನಿನ ಪುಸ್ತಕವಾದರೆ ಉಪ್ಪುನೀರಿನ ಮೊಸಳೆಯ ಮಾತು ಇರಲೇಬೇಕು. ಹವಳ ಹೆಕ್ಕಿ ತರುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದೂ ಇರಬೇಕು.

ಉಬ್ಬರ ಇಳಿತದ ವಿಷಯವೂ ಹಾಗೇ. ಶಹೀದ್ ದ್ವೀಪದ ಕಲ್ಲಿನ ಸೇತುವೆಗೆ ನೀರು ಇಳಿದಾಗ ಹೋಗಬೇಕು. ಯಾವ ಹೊತ್ತಿಗೆ ಹೋಗಬೇಕು ಅಂತ ಹೇಳದೆ ಬರೀ ಫೋಟೊ ಹಾಕಿದ ಪುಸ್ತಕ ನಿಮ್ಮ ಅರ್ಧ ದಿನ ತಿನ್ನುತ್ತದೆ.

ಸೆಕೆಯ ಬಗ್ಗೆ ಸಣ್ಣ ಮಾತು. ನಮ್ಮದು ಒಣ ಬಿಸಿಲು, ಬೆವರು ಅಲ್ಲೇ ಆರುತ್ತದೆ. ದ್ವೀಪದಲ್ಲಿ 32 ಡಿಗ್ರಿಯೇ ಇದ್ದರೂ ಬೆವರು ಆರಲ್ಲ, ಬಟ್ಟೆ ಒಣಗಲ್ಲ. "ನಾವು ಕಲಬುರಗಿಯವರು, ನಮಗೇನಾಗ್ತದ" ಅಂತ ನೀರು ಕುಡಿಯದೆ ಸುತ್ತಿದವರು ಎರಡನೇ ದಿನವೇ ಮಲಗುತ್ತಾರೆ.

ಹಂತ 7: ನಕ್ಷೆ ಮತ್ತು ಹೊಲಿಗೆ

ನಕ್ಷೆಯಲ್ಲಿ ಅಳತೆಪಟ್ಟಿ ಇದೆಯಾ ನೋಡಿ, ಅಂದರೆ ಇಷ್ಟು ಉದ್ದಕ್ಕೆ ಇಷ್ಟು ಕಿಲೋಮೀಟರ್ ಎಂಬ ಗೆರೆ. ಅದಿಲ್ಲದಿದ್ದರೆ ನಕ್ಷೆ ಬರೀ ಚಿತ್ರ.

ಆಮೇಲೆ ಪುಸ್ತಕ ಮುಚ್ಚಿ ಬೆನ್ನಿನ ಮೇಲ್ತುದಿ ನೋಡಿ. ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿಕೊಂಡಿದ್ದು, ನಡುವೆ ದಾರ ಕಂಡರೆ ಹೊಲಿದ ಪುಸ್ತಕ. ಒಂದೇ ಮಟ್ಟಸ ಗೋಡೆಯ ಹಾಗಿದ್ದರೆ ಬರೀ ಅಂಟು. ಒಂದು ಮೇ ತಿಂಗಳಲ್ಲಿ ಇಂಥ ಅಂಟಿನ ಪುಸ್ತಕವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಟ್ಟಿದ್ದೆ. ಸಂಜೆ ತೆಗೆದರೆ ಅಂಟು ಮೆತ್ತಗಾಗಿ ಹಾಳೆಗಳೆಲ್ಲ ಇಸ್ಪೀಟಿನ ಎಲೆಗಳಂತೆ ಕೈಗೆ ಬಂದವು.

ಹಂತ 8: ಯಾವ ಪುಸ್ತಕ ಹೇಳಿದರೂ ನಂಬಬಾರದ್ದು

ವೀಸಾ. ಹೊರದೇಶದ ಪುಸ್ತಕದಲ್ಲಿ "ವೀಸಾ ಬೇಡ" ಅಂತಿದ್ದರೆ ಅದು ಬಹುತೇಕ ಬ್ರಿಟನ್, ಅಮೆರಿಕದ ಪಾಸ್‌ಪೋರ್ಟಿನವರಿಗೆ ಹೇಳಿದ್ದು. ನಮಗೆ ಬೇರೆ ನಿಯಮ. ಅದೂ ಪದೇ ಪದೇ ಬದಲಾಗುತ್ತದೆ. ಟಿಕೆಟ್ ಮಾಡಿಸುವ ಮೊದಲು ಆ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಿ. ಅಂಡಮಾನಿನ ಮುಖ್ಯ ಪ್ರವಾಸಿ ದ್ವೀಪಗಳಿಗೆ ನಮಗೆ ಅನುಮತಿ ಪತ್ರ ಬೇಡ. ಲಕ್ಷದ್ವೀಪಕ್ಕೆ ಮಾತ್ರ ನಮ್ಮ ದೇಶದ್ದೇ ಆದರೂ ಅನುಮತಿ ಬೇಕು.

ಹಳದಿ ಜ್ವರದ ಲಸಿಕೆ. ಇದು ಕಾಮಾಲೆಯಲ್ಲ, ಸೊಳ್ಳೆಯಿಂದ ಬರುವ ಬೇರೆ ಕಾಯಿಲೆ, ನಮ್ಮ ದೇಶದಲ್ಲಿ ಇಲ್ಲ. ಕೀನ್ಯಾದ ಕಡಲಿಗೆ ಹೋಗುವ ಯೋಚನೆ ಇದ್ದರೆ ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಂಡನ್ನಿನವರಿಗೆ ಬರೆದ ಪುಸ್ತಕ ಈ ವಾಪಸ್ ಬರುವ ತೊಂದರೆಯನ್ನು ಯಾಕೆ ಹೇಳುತ್ತದೆ?

ಹಂತ 9: ಎಲ್ಲಿ ಹುಡುಕುವುದು

ಕಲಬುರಗಿಯ ಅಂಗಡಿಗಳಲ್ಲಿ ಪಠ್ಯಪುಸ್ತಕ, ಕೆಎಎಸ್ ಪರೀಕ್ಷೆ ಪುಸ್ತಕವೇ ಜಾಸ್ತಿ. ಗೈಡ್ ಸಿಗುವುದು ಅಪರೂಪ. ಹೇಗಿದ್ದರೂ ವಿಮಾನ ಹತ್ತಲು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಲ್ಲ. ಒಂದು ತಿಂಗಳು ಮೊದಲೇ ಯಾವುದಾದರೂ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಭಾನುವಾರ ನೋಡಿಕೊಂಡು ಆಬಿಡ್ಸಿನ ರಸ್ತೆ ಬದಿಯ ಹಳೆ ಪುಸ್ತಕ ಸಂತೆಗೆ ಹೋಗಿ. ಹಂತ 3ರ ಪರೀಕ್ಷೆ ಅಲ್ಲಿ ಜಾಸ್ತಿ ಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಮೊದಲು ಮಾದರಿ ಪುಟ ತೆರೆದು ಪರಿವಿಡಿ ಮತ್ತು ಇಸವಿ ನೋಡಿ.

ಕನ್ನಡದಲ್ಲಿ ಪ್ರವಾಸ ಕಥನಗಳು ಬೇಕಾದಷ್ಟಿವೆ, ಜಿಲ್ಲಾ ಗ್ರಂಥಾಲಯದಲ್ಲೂ ಸಿಗುತ್ತವೆ. ಓದಿ, ಆಸೆ ಹುಟ್ಟುತ್ತದೆ. ಆದರೆ ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಅವುಗಳಲ್ಲಿ ಹುಡುಕಬೇಡಿ.

ಹಂತ 10: ಒಯ್ಯುವ ಮೊದಲು

ಇಡೀ ದೇಶದ ದಪ್ಪ ಪುಸ್ತಕವಾದರೆ ನೀವು ಹೋಗುವ ಊರುಗಳ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿ, ಅವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಜಾಗದ ಆಫ್‌ಲೈನ್ ಮ್ಯಾಪ್ ಅಂದರೆ ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಹಂತ 1ರ ಹಾಳೆಯನ್ನು ಪುಸ್ತಕದ ಒಳಗೇ ಅಂಟಿಸಿ, ಉತ್ತರ ಸಿಕ್ಕ ಪುಟದ ಸಂಖ್ಯೆ ಪಕ್ಕದಲ್ಲಿ ಬರೆದಿಡಿ. ದೋಣಿಯಲ್ಲಿ ನೀರು ಸಿಡಿಯುತ್ತದೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ.

ಪುಸ್ತಕವನ್ನು ಕೈಚೀಲದಲ್ಲೇ ಇಡಿ. ಆದರೆ ಶೇಂಗಾ ಹಿಂಡಿಯ ಪೊಟ್ಟಣದ ಪಕ್ಕ ಬೇಡ. ಒತ್ತಡಕ್ಕೆ ಎಣ್ಣೆ ಜಿನುಗಿ ನಕ್ಷೆಯ ಹಾಳೆಗೆ ಹತ್ತಿದರೆ ಆ ಬದಿಯ ರಸ್ತೆಗಳೂ ಈ ಬದಿಯ ರಸ್ತೆಗಳೂ ಒಟ್ಟಿಗೇ ಕಾಣುತ್ತವೆ.